ಕ್ಯಾರಿಯರಿಗೊಂದು ಚೀಲ

ಮಾರ್ಚ್ 3, ಸೋಮವಾರ

ಇದು ಗೊಬ್ಬರದ ಅಂಗಡಿಯವರು ಹೋದ ವರ್ಷ ಹಂಚಿದ ಡೈರಿ. ತಾರೀಖು ಸರಿ, ವಾರ ತಪ್ಪು. ವಾರವನ್ನು ಗೀಚಿ ಮೇಲೆ ನಾನೇ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಇಷ್ಟು ಸಾಕು.

ಬರೆಯಲು ಹೇಳಿದವಳು ಹುಬ್ಬಳ್ಳಿ ದವಾಖಾನೆಯ ನರ್ಸಮ್ಮ ನೀಲಾಂಬಿಕಾ. ದಿನಾ ಏನು ತಿಂದರು, ಎಷ್ಟು ತಿಂದರು, ಎಷ್ಟು ಸಲ ತೆಗೆದಿರಿ, ಎಲ್ಲಾ ಬರೆದಿಡಿ ಅಂದಳು. ಸೊಸೆ ಶೀಲಾ ತಾನು ಬರೆಯುತ್ತೇನೆ ಅಂತ ಮುಂದೆ ಬಂದಳು. ಗಂಡ ನನ್ನವನು, ಅಕ್ಷರವೂ ನನ್ನದೇ ಇರಲಿ ಅಂದೆ.

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತಾರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ. ಕುಬೇರಪ್ಪ. ಎಪ್ಪತ್ತೊಂದು ವರ್ಷ. ಜನವರಿಯಲ್ಲಿ ದೊಡ್ಡ ಕರುಳಿನಲ್ಲಿದ್ದ ಗಂಟನ್ನು ಕೊಯ್ದು ತೆಗೆದರು. ಹೊಟ್ಟೆಯ ಎಡಕ್ಕೆ ತೂತು ಮಾಡಿ, ಕರುಳಿನ ತುದಿಯನ್ನು ಅಲ್ಲಿಗೆ ತಂದು, ಮೇಲೊಂದು ಪ್ಲಾಸ್ಟಿಕ್ ಚೀಲ ಅಂಟಿಸಿದರು. ಇನ್ನು ಜನ್ಮ ಇರುವ ತನಕ ಕಕ್ಕಸು ಅದರಲ್ಲೇ. ಇದನ್ನು ಒಂದು ಸಲ ಬರೆದಿದ್ದೇನೆ, ಇನ್ನೊಂದು ಸಲ ಬರೆಯುವುದಿಲ್ಲ. ಮುಂದೆ ಎಲ್ಲಿಯಾದರೂ 'ಅದು' ಅಂದರೆ ಅದೇ.

ಓಣಿಗೆ ಹರ್ನಿಯಾ ಅಂತ ಹೇಳಿದ್ದೇನೆ. ಹರ್ನಿಯಾ ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಇವರ ಹೊಟ್ಟೆಗೆ ಅಂಟಿಸಿದರು ಸರಿ, ನಮ್ಮೂರು ಹತ್ತಿಮತ್ತೂರಿನ ಬಾಯಿಗೆ ಏನು ಅಂಟಿಸಲಿ?

ಬೆಳಿಗ್ಗೆ ಅರ್ಧ ರೊಟ್ಟಿ, ಮಜ್ಜಿಗೆ. ಮಧ್ಯಾಹ್ನ ಅರ್ಧ ರೊಟ್ಟಿ. ಎರಡು ಸಲ ತೆಗೆದು ತೊಳೆದೆ. ಸೊಂಟ ನೋಯುತ್ತಿದೆ, ನನ್ನದು. ಅದನ್ನು ಬರೆಯಲು ನರ್ಸಮ್ಮ ಹೇಳಿಲ್ಲ.

ಮಾರ್ಚ್ 6, ಗುರುವಾರ

ಇವರು ತಿನ್ನುತ್ತಿಲ್ಲ. ಎರಡನೇ ರೊಟ್ಟಿ ಹಾಕಲು ಹೋದರೆ ತಾಟಿನ ಮೇಲೆ ಅಂಗೈ ಅಡ್ಡ ಇಡುತ್ತಾರೆ. ನಾಲಿಗೆ ಕೆಟ್ಟಿದೆಯೇನೋ ಅಂತ ತಿಂಗಳಿನಿಂದ ಬಗೆಬಗೆಯ ಪಲ್ಯ ಮಾಡಿ ಸತ್ತೆ. ಇವತ್ತು ನಿಜ ಬಾಯಿಬಿಟ್ಟರು.

"ತಿಂದಷ್ಟೂ ತುಂಬತೈತಿ."

ಅಂದರೆ ಅದಕ್ಕೆ ಹೆದರಿ ಉಪವಾಸ. ಯಾರಾದರೂ ಬಂದು ಕೂತಾಗ ತುಂಬಿದರೆ, ಸಪ್ಪಳ ಮಾಡಿದರೆ, ವಾಸನೆ ಬಂದರೆ ಅಂತ. ಮಗ ಶಂಭುಲಿಂಗ ಗೋವಿನಜೋಳ ತೂಗುವ ಕಾಟಾದ ಮೇಲೆ ನಿಲ್ಲಿಸಿ ನೋಡಿದ. ದವಾಖಾನೆಯಿಂದ ಬಂದಾಗ ಅರವತ್ತೆರಡು ಕಿಲೋ ಇದ್ದವರು ಈಗ ಐವತ್ತೈದು. ಡಾಕ್ಟರು ಫೋನಿನಲ್ಲಿ ನೇರವಾಗಿ ಹೇಳಿದರು: ಹೀಗೇ ಇಳಿದರೆ ಗಂಟು ಕೊಲ್ಲದವರನ್ನು ಹಸಿವು ಕೊಲ್ಲುತ್ತದೆ. ಮೊದಲು ಮನೆಯಿಂದ ಹೊರಗೆ ಹಾಕಿರಿ, ನಡೆಯಲಿ, ಸೈಕಲ್ ಹೊಡೆಯಲಿ, ಹಸಿವು ತಾನೇ ಬರುತ್ತದೆ.

ಹೊಲ ಎರಡು ಮೈಲು. ನಾಲ್ವತ್ತು ವರ್ಷ ಅದೇ ಸೈಕಲ್ ಮೇಲೆ ಹೋಗಿ ಬಂದವರು. ಶಂಭು ಬೈಕ್ ಮೇಲೆ ಕರೆದುಕೊಂಡು ಹೋಗುತ್ತೇನೆ ಅಂದ. ನನ್ನನ್ನು ಹೇರಿನಂತೆ ಹಿಂದೆ ಹಾಕಿಕೊಂಡು ಹೋಗಬೇಡ ಅಂದರು. ಸೈಕಲ್ಲಾದರೆ ಹೋಗುತ್ತಾರಂತೆ. ಆದರೆ ಬರಿಗೈಯಲ್ಲಿ ಹೋಗಲು ಬರುವುದಿಲ್ಲ. ನೀರಿನ ಬಾಟಲಿ, ಸಾಬೂನು, ಕತ್ತರಿ, ಹಳೇ ಧೋತರದ ಚೂರು, ಬದಲಿಗೆ ಹಚ್ಚುವ ಹೊಸದು ಎರಡು, ಸುತ್ತಿ ಹುಗಿಯಲು ಪೇಪರು. ಇಷ್ಟೆಲ್ಲಾ ಹಿಂದಿನ ಕ್ಯಾರಿಯರಿಗೆ ಕಟ್ಟಿಕೊಳ್ಳಲು ಒಂದು ಚೀಲ ಬೇಕು.

ಬದಲಿಯವನ್ನು ಹೇಗೆ ಇಡಬೇಕು ಅಂತ ಶೀಲಾ ನರ್ಸಮ್ಮನಿಗೆ ಫೋನು ಹಚ್ಚಿದಳು. "ಅವನ್ನ ಮರಿಯಾಗ ಇಡ್ರೆವ್ವಾ," ಅಂದದ್ದು ನನಗೂ ಕೇಳಿಸಿತು. ನೋಡು, ಕಲಿತವಳೂ ಮುಚ್ಚಿಡಲೇ ಹೇಳುತ್ತಾಳೆ ಅಂತ ಸೊಸೆಗೆ ಅಂದೆ. ಅವಳು ಸುಮ್ಮನಾದಳು. ನಾನು ಗೆದ್ದಾಗೆಲ್ಲಾ ಅವಳು ಸುಮ್ಮನಾಗುತ್ತಾಳೆ, ಸೋತಾಗಲೂ ಹಾಗೇ. ಆದ್ದರಿಂದ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.

ಮಾರ್ಚ್ 9, ರವಿವಾರ

ಚೀಲ ಹುಡುಕುವುದರಲ್ಲಿ ದಿನ ಹೋಯಿತು.

ಗೊಬ್ಬರದ ಖಾಲಿ ಚೀಲ ಕಟ್ಟಿ ನೋಡಿದೆವು. ಅದರ ತುದಿ ಗಾಲಿಯ ಕಡ್ಡಿಗೆ ಹೋಗಿ ಸಿಕ್ಕಿತು. ಸಂತೆಯ ವಾಯರ್ ಬುಟ್ಟಿ ಕಟ್ಟಿದರೆ ಒಳಗಿನದೆಲ್ಲಾ ಊರಿಗೆ ಕಾಣುತ್ತದೆ. ಶಂಭು ಎಣ್ಣೆಯ ಕ್ಯಾನು ಕೊಯ್ದು ಡಬ್ಬಿ ಮಾಡಿಕೊಟ್ಟ. ಅದು ಪೆಡ್ಲು ತುಳಿದಾಗಲೊಮ್ಮೆ ಹಿಮ್ಮಡಿಗೆ ಬಡಿಯುತ್ತದೆ. ಶೀಲಾ ಮೊಬೈಲಿನಲ್ಲಿ ಪೇಟೆಯವರ ಸೈಕಲ್ ಚೀಲ ತೋರಿಸಿದಳು. ಒಂದಕ್ಕೆ ಐದು ಖಾನೆ, ಒಂದು ಹೊಳೆಯುವ ಪಟ್ಟಿಯದು, ಒಂದು ಮಳೆಗೆ ಟೋಪಿ ಹಾಕಿಕೊಳ್ಳುವಂಥದ್ದು. ನಮ್ಮ ಮದುವೆಗೆ ಕನ್ಯೆ ನೋಡಲು ಬಂದವರೂ ಇಷ್ಟು ನೋಡಿರಲಿಲ್ಲ.

ಇವರು ಒಂದೊಂದನ್ನೂ ಬೆರಳಿನಿಂದ ಸರಿಸಿ ನೋಡಿ ಎಲ್ಲಕ್ಕೂ ಒಂದೇ ಮಾತು ಕೇಳಿದರು: "ಇದರ ಬಾಯಿ ಎಲ್ಲಿ ಐತಿ?"

ಎಡಗೈ ಹೊಟ್ಟೆಯ ಮೇಲೆ ಇರಬೇಕು, ಬಲಗೈ ಒಂದರಲ್ಲೇ ತೆಗೆಯಲು ಬರಬೇಕು. ಅದು ಅವರ ಲೆಕ್ಕ. ಕೀಲಿ ಇರಬೇಕು, ಯಾರಾದರೂ ಕೈ ಹಾಕಿ ನೋಡಬಾರದು. ಇದು ನನ್ನ ಲೆಕ್ಕ. ಕಪ್ಪು ಇರಲಿ, ಗಟ್ಟಿ ಇರಲಿ, ಒಳಗೆ ಏನಿದೆ ಅಂತ ದೇವರಿಗೂ ಕಾಣದಿರಲಿ ಅಂದೆ.

"ದೇವರಿಗೆ ಕಂಡೈತೆಲ್ಲ," ಅಂದರು.

ಎದ್ದು ಪಾತ್ರೆ ತಿಕ್ಕಿದೆ. ತಿಕ್ಕಿದ ಪಾತ್ರೆಯನ್ನೇ ತಿಕ್ಕಿದೆ.

ಮುಕ್ಕಾಲು ರೊಟ್ಟಿ. ಮೂರು ಸಲ.

ಮಾರ್ಚ್ 13, ಗುರುವಾರ

ಬಸ್ಸಿಗೆ ಸವಣೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹಿಂದೆ ಖಾದರಸಾಬ ಬೈಕಿನ ಸೀಟು, ಟ್ರ್ಯಾಕ್ಟರಿನ ಸೀಟು ಹೊಲಿಯುತ್ತಾನೆ. ರಂಜಾನ್ ರೋಜಾದ ದಿನ, ತುಟಿ ಒಣಗಿದ್ದವು, ಮಿಷನ್ನಿನ ಮೇಲೆ ಮಾತ್ರ ಕಾಲು ನಿಂತಿರಲಿಲ್ಲ. ಕರೀ ರೆಕ್ಝಿನ್ನಿನಲ್ಲಿ ಪೆಟ್ಟಿಗೆಯಂಥ ಚೀಲ, ಒಳಗೆ ರಟ್ಟು, ಸುತ್ತಲೂ ಜಿಪ್ಪು, ಜಿಪ್ಪಿಗೆ ಕೀಲಿ ಬೇಕು ಅಂದೆ. ಯಾತಕ್ಕೆ ಅಂತ ಕೇಳಿದ. ಹೊಲಕ್ಕೆ ಬುತ್ತಿ ಒಯ್ಯಲು ಅಂದೆ.

"ಬುತ್ತಿಗೆ ಕೀಲಿ ಹಾಕೋ ಊರು ಯಾವುದವ್ವಾರ?"

"ನೀವು ಹೊಲಿತೀರೋ, ಪಂಚಾಯ್ತಿ ಮಾಡ್ತೀರೋ?"

ಹಬ್ಬ ಆದ ಮೇಲೆ ಕೊಡುತ್ತೇನೆ ಅಂದ. ಅಲ್ಲಿಯ ತನಕ ಇವರು ಉಪವಾಸ ಇರಬೇಕೋ ಅಂತ ಬಾಯಿಗೆ ಬಂದಿತ್ತು, ನುಂಗಿದೆ. ಅವನ ಎದುರಿನ ಬೆಂಚಿನ ಮೇಲೆ ಒಂದು ತಾಸು ಕೂತೆ. ಕೂತದ್ದಕ್ಕೋ, ನೋಡಿದ್ದಕ್ಕೋ, ಇಪ್ಪತ್ತನೇ ತಾರೀಖಿಗೆ ಒಪ್ಪಿದ.

ಬರುವಾಗ ಬಸ್ಸಿನಲ್ಲಿ ನಿಂತೇ ಬಂದೆ. ಕಾಲು ಬಾತಿವೆ.

ಮಾರ್ಚ್ 20, ಗುರುವಾರ

ಚೀಲ ಬಂತು. ಬ್ಯಾಂಕಿನ ತಿಜೋರಿಯ ಹಾಗಿದೆ. ಕೀಲಿಕೈಯನ್ನು ಇವರ ಉಡದಾರಕ್ಕೆ ಕಟ್ಟಿದೆ. ಸೈಕಲ್ಲಿಗೆ ಹವಾ ಹಾಕಿಸಿದೆವು.

ಮಾರ್ಚ್ 22, ಶನಿವಾರ

ಮುಂಜಾನೆ ಆರಕ್ಕೆ ಹೋಗಿ ಎಂಟಕ್ಕೆ ಬಂದರು. ಆರಕ್ಕೇ ಹೋಗಿ, ಜನ ಏಳುವ ಮೊದಲು ಓಣಿ ದಾಟಿ ಅಂತ ಹೇಳಿದವಳು ನಾನೇ. ಬಂದವರು ಒಂದು ರೊಟ್ಟಿ ತಿಂದರು. ಪೂರ್ತಿ ಒಂದು. ಶೇಂಗಾದ ಎಲೆಗೆ ಹುಳ ಹತ್ತಿದೆ, ಶಂಭುಗೆ ಕಣ್ಣಿಲ್ಲ ಅಂತ ಬೈದರು. ಎರಡು ತಿಂಗಳಲ್ಲಿ ಮೊದಲ ಸಲ ಯಾರನ್ನೋ ಬೈದರು.

ಮಾರ್ಚ್ 24, ಸೋಮವಾರ

ಒಂದು ರೊಟ್ಟಿ, ಒಂದು ಹಿಡಿ ಅನ್ನ. ಆರಕ್ಕೆ ಹೋಗಿ ಎಂಟೂವರೆಗೆ.

ಮಾರ್ಚ್ 27, ಗುರುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಾಳೆ ನಾನೇ ಬೇರೆ ಏನೋ ಹೇಳುತ್ತೇನೆ, ಅದಕ್ಕೆ ಬರೆಯುತ್ತೇನೆ.

ಹೊಲದ ಬೋರಿಗೆ ಇವತ್ತು ಕರೆಂಟು ಹತ್ತಕ್ಕೆ ಬಂತು. ಇವರು ನೀರು ಹಾಯಿಸುತ್ತಾ ಅಲ್ಲೇ ಉಳಿದರು. ಬೆವರಿಗೆ ಅದರ ಅಂಟು ಬಿಟ್ಟಿತು. ಬದಲಿ ತೆಗೆಯಲು ಸೈಕಲ್ಲಿನ ಹತ್ತಿರ ಬಂದರೆ ಎರಡು ತಾಸು ಬಿಸಿಲಿಗೆ ನಿಂತ ಕರೀ ರೆಕ್ಝಿನ್ನು ಹಂಚಿನಂತೆ ಕಾದಿತ್ತು. ಒಂದೇ ಕೈಯಲ್ಲಿ ಕೀಲಿ ತೆಗೆಯಲು ಬರಲಿಲ್ಲ, ಇನ್ನೊಂದು ಕೈ ಬಿಡುವಂತಿರಲಿಲ್ಲ. ಹೇಗೋ ತೆಗೆದರೆ ಒಳಗೆ ಎರಡೂ ಬದಲಿಗಳ ಅಂಟು ಕರಗಿ ಕಾಗದಕ್ಕೆ ಹತ್ತಿಕೊಂಡು ಬೆಲ್ಲದ ಪಾಕವಾಗಿತ್ತು.

ರುಮಾಲು ಬಿಚ್ಚಿ ಹೊಟ್ಟೆಗೆ ಸುತ್ತಿಕೊಂಡು ಎರಡು ಮೈಲು ಸೈಕಲ್ ನೂಕುತ್ತಾ ಬಂದರು. ಮಟಮಟ ಮಧ್ಯಾಹ್ನ. ಹಿತ್ತಲ ದಾರಿಯಿಂದ ಬಂದರೂ ಪಕ್ಕದ ಮನೆಯ ದಾವಲಬಿ ಮೆಣಸಿನಕಾಯಿ ಹರವುತ್ತಾ ನಿಂತಿದ್ದಳು. ನೋಡಿದಳು.

ನಾನು ಮೊದಲು ಬೈದೆ. ಯಾಕೆ ಅಲ್ಲೇ ಉಳಿದಿರಿ, ಯಾರು ಹೇಳಿದ್ದರು ನೀರು ಹಾಯಿಸಲು ಅಂತ. ಇವರು ಬಾಗಿಲಲ್ಲಿ ನಿಂತೇ ಇದ್ದರು. ಬೈಯುವುದು ಮುಗಿಯಲಿ ಅಂತ ಕಾದಂತಿತ್ತು. ಆಮೇಲೆ ನೀರು ಕಾಯಿಸಿದೆ.

ಮಾರ್ಚ್ 28, ಶುಕ್ರವಾರ

ಏನೂ ತಿನ್ನಲಿಲ್ಲ.

ಶೀಲಾ ನರ್ಸಮ್ಮನಿಗೆ ಮತ್ತೆ ಫೋನು ಮಾಡಿದಳು. ಈ ಸಲ ನನ್ನ ಕೈಗೇ ಕೊಟ್ಟಳು. ನೀವೇ ಮರೆಯಲ್ಲಿಡಿ ಅಂದಿರಲ್ಲ, ಮರೆಯಲ್ಲೇ ಇಟ್ಟಿದ್ದೆವು, ಕೀಲಿ ಹಾಕಿ ಇಟ್ಟಿದ್ದೆವು ಅಂದೆ.

"ಬಿಸಲಿಗೆ ಮರಿ ಮಾಡಿ ನೆಳ್ಳಾಗ ಇಡ್ರಿ ಅಂತ ಹೇಳಿದ್ದೆವ್ವಾ. ಮಂದಿಗೆ ಮರಿ ಮಾಡ್ರಿ ಅಂತ ನಾನೆಲ್ಲಿ ಹೇಳೇನಿ?"

ಬದಲಿಗಳು ಬಂದ ಡಬ್ಬಿಯ ಮೇಲೆ ಸೂರ್ಯನ ಚಿತ್ರ ಬರೆದು ಗೀಟು ಎಳೆದಿದ್ದಾರಂತೆ. ಇದೆ. ಶೀಲಾ ತೋರಿಸಿದಳು. ನಾಲ್ಕನೇ ಇಯತ್ತೆಯವರಿಗೂ ತಿಳಿಯುವಂಥ ಚಿತ್ರ.

ಮಾರ್ಚ್ 30, ರವಿವಾರ. ಯುಗಾದಿ

ಬೇವು ಬೆಲ್ಲ ಕೊಟ್ಟೆ. ಬೇವು ಆರಿಸಿ ತಿಂದು ಬೆಲ್ಲ ಬಿಟ್ಟರು. ಹೋಳಿಗೆ ಮುಟ್ಟಲಿಲ್ಲ. ಕಾಟಾದ ಮೇಲೆ ನಿಲ್ಲಲು ಒಪ್ಪಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ.

ಮಾರ್ಚ್ 31, ಸೋಮವಾರ

ದಾವಲಬಿಯ ಹಬ್ಬ. ನಮ್ಮ ಮನೆಗೆ ಅವಳು ಬೇಯಿಸಿದ್ದು ತರುವುದಿಲ್ಲ. ಶಾವಿಗೆ, ಸಕ್ಕರೆ, ಉತ್ತತ್ತಿ ಹಸಿಯಾಗಿಯೇ ಬುಟ್ಟಿಯಲ್ಲಿ ತಂದು ಕೊಡುತ್ತಾಳೆ, ನಾವು ಬೇಯಿಸಿಕೊಳ್ಳುತ್ತೇವೆ. ಅವಳ ಅತ್ತೆಯ ಕಾಲದಿಂದ ಹೀಗೇ. ಬುಟ್ಟಿ ಇಟ್ಟವಳು ಹೋಗಲಿಲ್ಲ, ಕೂತಳು. ನಾನು ಬಾಯಿ ತೆರೆಯುವ ಮೊದಲೇ, ಹೊಟ್ಟೆಯ ಮೇಲಿನ ಚೀಲ ಬಿಚ್ಚಿತ್ತೇನು ಅಂತ ಕೇಳಿಬಿಟ್ಟಳು. ನಿನಗೆ ಯಾರು ಹೇಳಿದರು ಅಂದೆ.

"ಅನ್ನವ್ವಕ್ಕಾ, ಸಂಕ್ರಾಂತಿಗೇ ಗೊತ್ತೈತಿ. ಓಣ್ಯಾಗ ಎಲ್ಲಾರಿಗೂ ಗೊತ್ತೈತಿ. ನೀವು ಹರ್ನಿಯಾ ಅಂದ್ರಿ, ನಾವು ಹೂಂ ಅಂದ್ವಿ."

ಎರಡೂವರೆ ತಿಂಗಳು ಇಡೀ ಓಣಿ ನನಗೆ ಹೂಂ ಅಂದಿದೆ. ಆ ಪೈಕಿ ಅರ್ಧ ಜನಕ್ಕೆ ನಾನು ಹರ್ನಿಯಾದ ಪಥ್ಯವನ್ನೂ ವಿವರಿಸಿದ್ದೆ.

ಹಂಚಿನಂತೆ ಕಾಯುವ ರೆಕ್ಝಿನ್ ಯಾಕೆ, ಕೌದಿಯ ಚೀಲ ಹೊಲಿಯಿರಿ, ಏಳೆಂಟು ಪದರ ಅರಿವೆ ಇದ್ದರೆ ಬಿಸಿಲು ಒಳಗೆ ಇಳಿಯುವುದಿಲ್ಲ ಅಂದಳು. ನೀರಿನ ಬಾಟಲಿಗೆ ಒದ್ದೆ ಅರಿವೆ ಸುತ್ತಿ ಪಕ್ಕದಲ್ಲಿಟ್ಟರೆ ಒಳಗೆ ತಣ್ಣಗಿರುತ್ತದೆ, ಗಡಿಗೆಗೆ ಸುತ್ತುವುದಿಲ್ಲವೇ ಹಾಗೆ. ಗಂಡಸರ ಸೈಕಲ್ಲಿಗೆ ಬಣ್ಣಬಣ್ಣದ ಕೌದಿ ಕಟ್ಟಿದರೆ ಒಂದು ಮೈಲಿನಿಂದ ಕಾಣುತ್ತದೆ ಅಂದೆ. ಕಂಡರೆ ದಾರಿ ಬಿಡುತ್ತಾರೆ ಅಂದಳು.

ಶಾವಿಗೆ ಪಾಯಸ ಮಾಡಿದೆ. ಇವರು ಎರಡು ಚಮಚ.

ಏಪ್ರಿಲ್ 3, ಗುರುವಾರ

ನಮ್ಮಪ್ಪನ ಹತ್ತಿರ ಹಸಿಬಿ ಚೀಲ ಇತ್ತು. ನಡುವೆ ಬಾಯಿ, ಆ ಕಡೆ ಈ ಕಡೆ ಒಂದೊಂದು ಹೊಟ್ಟೆ. ಹೆಗಲ ಮೇಲೆ ಹಾಕಿಕೊಂಡರೆ ಒಂದು ಹೊಟ್ಟೆ ಎದೆಗೆ, ಒಂದು ಬೆನ್ನಿಗೆ. ಎತ್ತಿನ ಮೇಲೆ ಹಾಕಿದರೆ ಎರಡು ಪಕ್ಕೆಗೆ. ಕ್ಯಾರಿಯರು ಎತ್ತಿಗಿಂತ ಸಣ್ಣದು, ಅಷ್ಟೇ. ಹಾಗೇ ಹೊಲಿಯುವುದು ಅಂತಾಯಿತು.

ಅರಿವೆಯ ಗಂಟು ಬಿಚ್ಚಿದೆವು. ನಾನು ಮಾಸಿದ ಬಣ್ಣದವನ್ನು ಆರಿಸಿ ಇಡುತ್ತಿದ್ದೆ. ದಾವಲಬಿ ನನ್ನ ಹಳೇ ಕೆಂಪು ಇಳಕಲ್ಲಿನ ಸೆರಗು ಎಳೆದು ಮೇಲಿಟ್ಟಳು. ನಾನು ತೆಗೆದು ಕೆಳಗಿಟ್ಟೆ. ಅವಳು ಮತ್ತೆ ಮೇಲಿಟ್ಟಳು. ನೂಲು ಮುಗಿದಿತ್ತು, ತರಲು ಒಳಗೆ ಹೋದೆ. ಬರುವುದರೊಳಗೆ ಕತ್ತರಿಸಿಬಿಟ್ಟಿದ್ದಳು. ಇವರು ಗೋಡೆಯ ಕಡೆಯಿಂದ ಈ ಕಡೆ ಹೊರಳಿ ನೋಡುತ್ತಿದ್ದರು.

ಅರ್ಧ ರೊಟ್ಟಿ.

ಏಪ್ರಿಲ್ 5, ಶನಿವಾರ

ಕಣ್ಣು ಉರಿಯುತ್ತವೆ. ದಾರ ಪೋಣಿಸಲು ಶೀಲಾ ಬೇಕು, ಅವಳು ದನಕ್ಕೆ ನೀರು ಕುಡಿಸಲು ಹೋದರೆ ಸೂಜಿ ಹಿಡಿದು ಕೂತಿರಬೇಕು. ಇವತ್ತು ಇವರು ಕೈ ಚಾಚಿ ಸೂಜಿ ಇಸಿದುಕೊಂಡು ಪೋಣಿಸಿದರು. ಒಂದೇ ಸಲಕ್ಕೆ. ಈ ವಯಸ್ಸಿಗೆ ಅಂಥ ಕಣ್ಣು ಇಟ್ಟುಕೊಂಡು ಮೂರು ತಿಂಗಳು ಗೋಡೆ ನೋಡಿದಿರಲ್ಲ ಅಂದೆ. ಸೂಜಿ ನನ್ನ ಕೈಗಿಟ್ಟು, ಚೀಲಕ್ಕೆ ಎರಡು ಹೊಟ್ಟೆ ಯಾಕೆ ಅಂತ ಕೇಳಿದರು. ಒಂದರಲ್ಲಿ ಸಾಮಾನು, ಒಂದರಲ್ಲಿ ನೀರು, ತೂಕ ಸಮ ಇರದಿದ್ದರೆ ಸೈಕಲ್ ವಾಲುತ್ತದೆ ಅಂದೆ.

"ನನಗೂ ಈಗ ಎರಡ ಹೊಟ್ಟಿ. ನಾನೂ ವಾಲಬಾರದು ಹಂಗಾರ."

ಶೀಲಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನನಗೆ ಹೊಲಿಗೆ ತಪ್ಪಿ ಬೆರಳಿಗೆ ಚುಚ್ಚಿತು.

ಏಪ್ರಿಲ್ 7, ಸೋಮವಾರ

ಮಧ್ಯಾಹ್ನ ಅಂಚು ಕಟ್ಟುತ್ತಿದ್ದೆ. ಎಂಟು ಪದರದ ಅಂಚು, ನಡುವೆ ಬಿಟ್ಟರೆ ಜಾರುತ್ತದೆ. ಆ ಹೊತ್ತಿಗೆ ಹೊಟ್ಟೆಯ ಮೇಲಿನ ಚೀಲ ತುಂಬಿದೆ ಅಂದರು. ತಡೆಯಿರಿ, ಈ ಗೆರೆ ಮುಗಿಯಲಿ ಅಂದೆ. ಗೆರೆ ಮುಗಿಯುವುದರೊಳಗೆ ಎದ್ದು ಹೋದರು. ಬಚ್ಚಲ ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿತು. ನರ್ಸಮ್ಮ ದವಾಖಾನೆಯಲ್ಲಿ ಕಲಿಸಿದ್ದು ನನಗೆ, ಆಗ ಇವರು ಸೂರು ನೋಡುತ್ತಾ ಮಲಗಿದ್ದರು. ಏನು ಮಾಡುತ್ತಾರೋ ಅಂತ ಕಿವಿ ಅಲ್ಲೇ ಇತ್ತು, ಕೈ ಇಲ್ಲಿ. ಏಳಲಿಲ್ಲ. ಅಂಚು ಬಿಡುವಂತಿರಲಿಲ್ಲ.

ಅರ್ಧ ತಾಸು ತೆಗೆದುಕೊಂಡರು. ಒಂದು ಕೊಡ ನೀರು ಚೆಲ್ಲಿದ್ದಾರೆ. ಚೀಲದ ತುದಿಯ ಕ್ಲಿಪ್ಪು ತಿರುವುಮುರುವು ಹಾಕಿಕೊಂಡಿದ್ದರು, ಆದರೆ ಸೋರಲಿಲ್ಲ. ಬಚ್ಚಲು ತೊಳೆಯುವ ಕೆಲಸ ಮತ್ತೆ ನನಗೇ.

ಏಪ್ರಿಲ್ 8, ಮಂಗಳವಾರ

ಕೌದಿ ಚೀಲವನ್ನು ಕ್ಯಾರಿಯರಿಗೆ ಬಿಗಿಯಲು ಪಟ್ಟಿ, ಬಕ್ಕಲ್ಲು ಬೇಕಿತ್ತು. ಚೀಲ ಹೆಗಲ ಮೇಲೆ ಹಾಕಿಕೊಂಡೇ ಸವಣೂರಿಗೆ ಹೋದೆ. ಖಾದರಸಾಬ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಪೆಟ್ಟಿಗೆ ಏನಾಯಿತು, ಬುತ್ತಿ ಹಿಡಿಸಲಿಲ್ಲವೇನು ಅಂತ ನಕ್ಕ. ಬೆಂಚಿನ ಮೇಲೆ ಸೀಟು ಹೊಲಿಸಲು ಬಂದ ಇಬ್ಬರು ಕೂತಿದ್ದರು.

"ಬುತ್ತಿ ಅಲ್ರಿ. ನಮ್ಮನಿಯವರಿಗೆ ಕರಳು ಕೊಯ್ದು ಹೊಟ್ಟಿ ಮ್ಯಾಲ ಚೀಲ ಹಚ್ಚ್ಯಾರ. ಕಕ್ಕಸ ಅದರಾಗ ಬರ್ತೈತಿ. ಹೊಲದಾಗ ತುಂಬಿದ್ರ ಬದಲಿ ಹಾಕೋಬೇಕು, ಒಂದ ಕೈಲೆ ತಗಿಯಾಕ ಬರಬೇಕು. ನಿಮ್ಮ ಪೆಟ್ಟಿಗಿ ಬಿಸಲಿಗೆ ಕಾದು ಎಲ್ಲಾ ಕರಗಿಸಿ ಇಟ್ಟಿತು."

ಮಿಷನ್ನು ನಿಲ್ಲಿಸಿದ. ಪಟ್ಟಿ ಆಮೇಲೆ ಆಗಲಿ ಅಂತ ಮೊದಲು ಚೀಲದ ಬಾಯಿ ಹಿಡಿದು ನೋಡಿದ. ನಾವು ಅಲ್ಲಿ ದಾರ ಕಟ್ಟುವಂತೆ ಬಿಟ್ಟಿದ್ದೆವು. ದಾರ ತೆಗೆದು ಒತ್ತಿದರೆ ಟಿಚ್ ಅನ್ನುವ ಗುಂಡಿ ಎರಡು ಹಾಕಿದ, ಬಲಗಡೆ. ತನ್ನ ಎಡಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬಲಗೈಯಲ್ಲಿ ತೆಗೆದು ಹಾಕಿ, ತೆಗೆದು ಹಾಕಿ ನೋಡಿದ.

"ಇದನ್ನ ಮೊದಲ ಹೇಳಿದ್ರ ಮೊದಲ ಹೊಲಿತಿದ್ನೆಲ್ಲವ್ವಾ," ಅಂದ.

ಬೆಂಚಿನವರಲ್ಲಿ ಒಬ್ಬ ಎದ್ದು ಅವನೂ ಗುಂಡಿ ಒತ್ತಿ ನೋಡಿದ. ಗಂಡಸರಿಗೆ ಆಟಿಕೆ ಸಾಮಾನು ಕಂಡರೆ ಕೈ ತುರಿಸುತ್ತದೆ. ಇದರಲ್ಲಿ ಹನ್ನೆರಡರ ಬಸ್ಸು ತಪ್ಪಿತು. ಎರಡರ ತನಕ ಬಿಸಿಲಲ್ಲಿ ಕೂತೆ. ಖಾದರಸಾಬನಿಗೆ ಕೆಲಸ ಬರುತ್ತದೆ, ಹೊತ್ತಿನ ಪರಿವೆ ಇಲ್ಲ.

ಏಪ್ರಿಲ್ 11, ಶುಕ್ರವಾರ

ಕಡೆಯ ತೇಪೆ. ಕೌದಿಗೆ ಕಡೆಯ ತೇಪೆ ಮುಚ್ಚುವ ಮೊದಲು ಹೊಟ್ಟೆ ತುಂಬಬೇಕು ಅಂತ ನಮ್ಮ ಅವ್ವಂದಿರ ಕಾಲದ ರೂಢಿ. ರೊಟ್ಟಿಯ ಚೂರೋ ಹೋಳಿಗೆಯ ಚೂರೋ ಒಳಗಿಟ್ಟು ಹೊಲಿಯುವುದು. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಅಂತಾರೆ. ಇದು ಹೊದೆಯುವ ಕೌದಿಯಲ್ಲ, ಇದಕ್ಕೇನು ಹಸಿವು ಅಂದೆ. ದಾವಲಬಿ ಕೇಳಲಿಲ್ಲ. ಎರಡು ಹೊಟ್ಟೆ ಇವೆ, ಎರಡು ಚೂರು ಬೇಕು ಅಂದಳು.

ಇವರು ಉಣ್ಣುತ್ತಾ ಕೂತಿದ್ದರು. ತಾಟಿನಲ್ಲಿದ್ದ ಒಂದೇ ರೊಟ್ಟಿಯನ್ನು ಮುರಿದು, ಚೂರಲ್ಲ, ಅರ್ಧರ್ಧ ಮಾಡಿ ಎರಡೂ ಭಾಗ ಕೊಟ್ಟುಬಿಟ್ಟರು. ಅಷ್ಟು ಹಿಡಿಸುವುದಿಲ್ಲ, ಇರುವೆ ಹತ್ತುತ್ತವೆ ಅಂತ ನಾನು ಕೂಗಾಡಿದೆ. ಉಗುರಿನಷ್ಟು ಮುರಿದುಕೊಂಡು ಉಳಿದದ್ದನ್ನು ಹೊರಗೆ ಆಕಳಿಗೆ ಹಾಕಿದೆವು. ಖಾಲಿ ತಾಟಿನ ಮುಂದೆ ಇವರು ಕೂತೇ ಇದ್ದರು.

"ಅದಕ್ಕ ಹಾಕಿದ್ರಿ. ನನಗ?"

ಬಿಸಿ ರೊಟ್ಟಿ ಒಂದು. ಆಮೇಲೆ ಇನ್ನೊಂದು. ಪುಂಡಿಪಲ್ಯ ಎರಡು ಸಲ. ನನ್ನ ಪಾಲಿಗೆ ತಂಗಳು ಉಳಿಯಿತು.

ಏಪ್ರಿಲ್ 12, ಶನಿವಾರ

ಆರಕ್ಕೆ ಎಬ್ಬಿಸಿದೆ. ಏಳಲಿಲ್ಲ. ಎಂಟಕ್ಕೆ ಎದ್ದು, ಚಹಾ ಕುಡಿದು, ಸಾವಕಾಶ ಲಿಂಗಪೂಜೆ ಮುಗಿಸಿ, ಒಂಬತ್ತಕ್ಕೆ ಸೈಕಲ್ ತೆಗೆದರು. ದವಾಖಾನೆಯಿಂದ ಬಂದ ಮೇಲೆ ಪೂಜೆಗೆ ಕೂತಿರಲಿಲ್ಲ, ಈ ಮೈಯಲ್ಲಿ ಬೇಡ ಅಂತ. ಹೊತ್ತು ಮಾಡಿದರಲ್ಲ ಅಂತ ಸಿಟ್ಟು ಬಂತು.

ಒಂಬತ್ತಕ್ಕೆ ಓಣಿಯೆಲ್ಲಾ ಕಟ್ಟೆಯ ಮೇಲೆ ಇರುತ್ತದೆ. ಹಿಂದೆ ಕೆಂಪು ಸೆರಗಿನ ಎರಡು ಹೊಟ್ಟೆ ಹೊತ್ತ ಸೈಕಲ್ಲು ಹೋಯಿತು. ಯಾರೋ, ಕುಬೇರಪ್ಪಾರ ಏನಿದು ಹೊಸಾ ಹಸಿಬಿ ಅಂತ ಕೇಳಿದರು. ನನ್ನ ಕೈ ಬಾಗಿಲ ಚೌಕಟ್ಟು ಹಿಡಿದಿತ್ತು. ಇವರು ಒಂದು ಕಾಲು ಊರಿ ನಿಂತು ಏನೋ ಹೇಳಿದರು. ನನಗೆ ಕೇಳಲಿಲ್ಲ. ಕೇಳಿದವರು ಹತ್ತಿರ ಬಂದು ಗುಂಡಿ ಒತ್ತಿ ನೋಡಿದರು.

ಹನ್ನೊಂದಕ್ಕೆ ಬಂದರು. ಎರಡು ರೊಟ್ಟಿ.

ಏಪ್ರಿಲ್ 15, ಮಂಗಳವಾರ

ಎರಡು ರೊಟ್ಟಿ, ಅನ್ನ. ಕಾಟಾದ ಮೇಲೆ ಐವತ್ತಾರೂವರೆ. ಹೊಟ್ಟೆಯ ಚೀಲ ತಾವೇ ಬದಲಿಸಿದರು. ಬಿಸಿಲು ಹೆಚ್ಚು. ನನಗೆ ತಲೆನೋವು.

ಏಪ್ರಿಲ್ 22, ಮಂಗಳವಾರ

ಒಂದು ವಾರ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ಇವತ್ತು ಬದುವಿನ ಆಚೆಯ ಹೊಲದ ಶರಣು ಶೇಂಗಾ ಕೀಳಿಸುತ್ತಿದ್ದಾನೆ. ಇವರು ಬೆಳಿಗ್ಗೆ ಹೋದವರು ಹನ್ನೆರಡಾದರೂ ಬರಲಿಲ್ಲ. ಹನ್ನೆರಡೂವರೆಗೆ ಶಂಭುವನ್ನು ಬೈಕ್ ಮೇಲೆ ಓಡಿಸಿದೆ. ಅವನು ತಿರುಗಿ ಬಂದು ಹೇಳಿದ್ದು ಇಷ್ಟು: ಬೇವಿನ ಮರದ ಕೆಳಗೆ ಶೇಂಗಾ ಕೀಳುವ ಎಂಟು ಜನರ ಜೊತೆ ಸಾಲಿನಲ್ಲಿ ಕೂತು ಉಣ್ಣುತ್ತಿದ್ದಾರೆ. ನಡುವೆ ಎದ್ದು ಹಸಿಬಿಯಿಂದ ಬಾಟಲಿ ತೆಗೆದುಕೊಂಡು ಬದುವಿನ ಮರೆಗೆ ಹೋಗಿ ಬಂದು, ಕೈ ತೊಳೆದು, ಮತ್ತೆ ಬಂದು ತಾಟಿನ ಮುಂದೆ ಕೂತರಂತೆ. ಯಾರೂ ಏನೂ ಅನ್ನಲಿಲ್ಲವಂತೆ. ಶರಣುವಿನ ಹೆಂಡತಿ ಇನ್ನೊಂದು ರೊಟ್ಟಿ ಹಾಕಿದಳಂತೆ. ಮನೆಗೆ ನಡೆಯಿರಿ ಅಂದಿದ್ದಕ್ಕೆ, ನಿಮ್ಮವ್ವಗ ಉಣ್ಣಾಕ ಹೇಳು, ನಂದು ಇನ್ನೂ ಮುಗದಿಲ್ಲ ಅಂದರಂತೆ.

ಮಾಡಿಟ್ಟ ಬದನೆಕಾಯಿ ಎಣಗಾಯಿಯನ್ನು ಏನು ಮಾಡಲಿ? ಹೇಳಿ ಹೋಗುವ ಬುದ್ಧಿ ನಾಲ್ವತ್ತು ವರ್ಷದಿಂದ ಬರಲಿಲ್ಲ, ಈಗೆಲ್ಲಿ ಬರುತ್ತದೆ. ಇವತ್ತು ಎಷ್ಟು ತಿಂದರು, ಎಷ್ಟು ಸಲ ತೆಗೆದರು, ನನಗೆ ಗೊತ್ತಿಲ್ಲ.

ಅವರ ಪಾಲಿನದನ್ನೂ ನಾನೇ ಉಂಡೆ. ಹೊಟ್ಟೆ ಭಾರವಾಯಿತು. ಪಡಸಾಲೆಯಲ್ಲಿ ಗಾಳಿ ಬರುತ್ತಿತ್ತು, ಚಾಪೆ ಹಾಸಿಕೊಂಡು ಅಡ್ಡಾದೆ. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು, ನಾಲ್ಕು ಹೊಡೆದಿತ್ತು. ಅವರಿನ್ನೂ ಬಂದಿರಲಿಲ್ಲ. ಆ ಕಡೆ ಮಗ್ಗುಲಾಗಿ ಮತ್ತೆ ಮಲಗಿದೆ.